ಹೆಸರಿಲ್ಲದ ವಿಮಾನಕ್ಕೆ ಎರಡು ಸೀಟು

ವಿಮಾನದ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಅಲ್ಲಿಯೇ ಬಿಟ್ಟು ಅಂಗಳಕ್ಕೆ ಓಡುವ ಚಟ ನನಗಿದೆ. ಬಿಟ್ಟದ್ದು ಊಟದ ತುತ್ತಾದರೆ ಅಮ್ಮ ಬೈಯುತ್ತಾರೆ. ಬ್ಯಾಂಕಿನ ಪೆನ್ನಾದರೆ ನಮ್ಮ ಮ್ಯಾನೇಜರು ಕನ್ನಡಕ ತೆಗೆದು ಒರೆಸುತ್ತಾರೆ. ಮುಂಬಯಿಯ ವಿಮಾನ ಬಜ್ಪೆಯ ನಿಲ್ದಾಣಕ್ಕೆ ಹೋಗುವಾಗ ಉದ್ಯಾವರದ ನಮ್ಮ ಮನೆಯ ಪಡುಬದಿಯಲ್ಲಿ, ಕಡಲಿನ ಅಂಚು ಹಿಡಿದು ಸಾಗುತ್ತದೆ. ದಿನಾಂಕ, ಹೊತ್ತು, ವಿಮಾನದ ಜಾತಿ, ಮೋಡವಿತ್ತೇ ಇಲ್ಲವೇ ಎಂಬುದರ ಸಮೇತ ನಾನು ಅದನ್ನು ಡೈರಿಯಲ್ಲಿ ಬರೆದಿಡುತ್ತೇನೆ. ತಿಂಗಳ ಕೊನೆಗೆ ಕೂಡಿಸಿ ಮೊತ್ತ ಹಾಕುತ್ತೇನೆ. ಆ ಮೊತ್ತದಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳಬೇಡಿ. "ನಿನ್ನೆ ಹೋದದ್ದೇ ಇವತ್ತೂ ಹೋಯಿತಾ?" ಎಂದು ನನ್ನ ಅಕ್ಕ ವಾರಿಜ ಕೇಳಿದಾಗಲೂ ನಾನು ಹೊತ್ತು ನೋಡಿ ಬರೆದುಕೊಂಡೆ.

ಹೀಗೆ ಮನೆಯಲ್ಲಿ ನಾನು ವಿಮಾನ ಬಲ್ಲವನಾದೆ. ಉಡುಪಿಯ ವಾಚನಾಲಯಕ್ಕೆ ಬರುವ ವಿದೇಶಿ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತಿರುವಿ, ರೆಕ್ಕೆ ಮೇಲಿದೆಯೋ ಕೆಳಗಿದೆಯೋ, ಬಾಲದ ಆಕಾರ ಯಾವುದು, ಚಕ್ರ ಎಲ್ಲಿ ಎಂದು ನೋಡಿ ಗುರುತಿಸುವ ವಿದ್ಯೆಯನ್ನು ಸಂಪಾದಿಸಿದ್ದೆ. ಚಿತ್ರ ನೋಡಿ ಹೆಸರು ಹೇಳಬಲ್ಲ ವಿಮಾನಗಳು ಬಹಳ. ಕಣ್ಣಾರೆ ಕಂಡದ್ದು ಮಾತ್ರ ಡಕೋಟ ಎಂಬ ಒಂದೇ ಜಾತಿಯದು. ಅಡುಗೆ ಪುಸ್ತಕ ಓದಿಯೇ ಹೊಟ್ಟೆ ತುಂಬಿಸಿಕೊಂಡವನ ಸ್ಥಿತಿ ನನ್ನದು.

ಗುರುತಿಸುವ ಚಪಲ ನನ್ನೊಬ್ಬನದೇ ಅಲ್ಲ ಎಂಬುದು ನನ್ನ ಸಮಾಧಾನ. ಅಮ್ಮ ಬುಟ್ಟಿಯ ಬಾಯಲ್ಲಿ ಕಾಣುವ ಒಂದು ಬಾಲದಿಂದಲೇ ಒಳಗಿರುವ ಮೀನು ಯಾವುದೆಂದು ಹೇಳುತ್ತಾರೆ. ಇನ್ನು ನಮ್ಮ ಊರಿನವರು ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರನ್ನಲ್ಲ, "ನಿಮ್ಮದು ಎಲ್ಲಾಯಿತು?" ಎಂದು. ಊರು ಹೇಳಿದರೆ ಮನೆ ಕೇಳುತ್ತಾರೆ. ಮನೆ ಹೇಳಿದರೆ ಅಜ್ಜಿಯ ತಂಗಿಯನ್ನು ಎಲ್ಲಿಗೆ ಕೊಟ್ಟದ್ದು ಎಂದು ಕೇಳುತ್ತಾರೆ. ಅಷ್ಟು ತಿಳಿದ ಮೇಲೆ ಆ ಮನುಷ್ಯನ ಹೆಸರು ಯಾರಿಗೂ ಬೇಕಾಗುವುದಿಲ್ಲ.

ನನ್ನ ವಿಮಾನದ ವಿದ್ಯೆಯೂ ಊರಿನವರ ಈ ವಿದ್ಯೆಯೂ ಒಂದೇ ದಿನ ಎದುರುಬದುರಾಗುವ ಪ್ರಸಂಗ ಬಂದದ್ದು ವಾರಿಜಕ್ಕನ ಮದುವೆಯ ಮಾತಿನಿಂದ.

ಅಕ್ಕನಿಗೆ ಅದಕ್ಕೆ ಮೊದಲೇ ಎರಡು ಸಂಬಂಧಗಳು ಬಂದು ತಪ್ಪಿಹೋಗಿದ್ದವು. ಈಗ ಬಂದದ್ದು ಕಾರ್ಕಳದ ಹುಡುಗ, ಸದಾನಂದ. ಬಸ್ಸಿನ ವರ್ಕ್‌ಶಾಪಿನಲ್ಲಿ ಕೆಲಸ, ಕುಡಿಯುವುದಿಲ್ಲ, ಒಳ್ಳೆಯ ಮನೆ. ಎಲ್ಲ ಹೇಳಿ ಮುಗಿಸಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಸಂಬಂಧ ತಂದವರು ಮೆಲ್ಲನೆ ಒಂದು ಮಾತು ಸೇರಿಸಿದರು: ಹುಡುಗ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ವಿಮಾನ ಕಟ್ಟಿದ್ದಾನೆ.

ನಮ್ಮಲ್ಲಿ ಮದುವೆಯ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತು ದೊಡ್ಡದು. ನಮ್ಮ ಮಾವ ಕಾಪುವಿನಲ್ಲಿ ಕೊಬ್ಬರಿ ವ್ಯಾಪಾರಸ್ಥರು. ಸುದ್ದಿ ಕೇಳಿ ಮರುದಿನವೇ ಬಂದರು. ಆ ವಿಮಾನ ಮಣಿಪಾಲದ ಕಾಲೇಜಿನ ವಸ್ತುಪ್ರದರ್ಶನದಲ್ಲಿ ಇದೆಯಂತೆ ಎಂಬುದನ್ನೂ ಅವರೇ ತಿಳಿದುಕೊಂಡು ಬಂದಿದ್ದರು.

"ನೀನು ನೋಡಿ ಹೇಳಬೇಕು ಅಳಿಯ," ಎಂದರು ನನ್ನೊಡನೆ. "ಅದು ಪುಸ್ತಕದಲ್ಲಿ ಇರುವ ವಿಮಾನವಾ, ಇವನ ತಲೆಯಲ್ಲಿ ಇರುವ ವಿಮಾನವಾ ಅಂತ. ಪುಸ್ತಕದ್ದಾದರೆ ಹುಡುಗನಿಗೆ ಬುದ್ಧಿ ಉಂಟು. ತಲೆಯದ್ದಾದರೆ ನಾನು ಹೆಣ್ಣು ಕೊಡಲಿಕ್ಕಿಲ್ಲ."

"ನಾನೂ ಬರುತ್ತೇನೆ," ಎಂದಳು ಅಕ್ಕ ಒಳಗಿನಿಂದ.

"ಹುಡುಗನನ್ನು ನೋಡಲಿಕ್ಕೆ ಹುಡುಗಿ ಹೋಗುವುದುಂಟಾ?" ಎಂದರು ಅಮ್ಮ.

"ವಿಮಾನ ನೋಡಲಿಕ್ಕೆ ಹೋಗಬಾರದು ಅಂತ ಯಾರೂ ಹೇಳಲಿಲ್ಲವಲ್ಲ," ಎಂದಳು. ಹೇಳುತ್ತಲೇ ಹೊಸ್ತಿಲಿಗೆ ಬಂದು ನಿಂತಳು. ನಾನು ಅಕ್ಕನ ಮುಖ ನೋಡಿದೆ. ತಪ್ಪಿಹೋದ ಎರಡು ಸಂಬಂಧಗಳಿಗೆ ಅವಳು ಹೂಂ ಅಥವಾ ಉಹೂಂ ಅಂದದ್ದೇ ಇರಲಿಲ್ಲ. ಈ ಸಲ ಸೀರೆ ಆರಿಸಲು ಬಹಳ ಹೊತ್ತು ತೆಗೆದುಕೊಂಡಳು. ನನ್ನ ಹವ್ಯಾಸಕ್ಕೆ ಮೊದಲ ಬಾರಿಗೆ ಒಂದು ಭಾರ ಬಂದಿತ್ತು. ನಾನು ಒಂದು ಹೆಸರು ತಪ್ಪು ಹೇಳಿದರೆ ಅಕ್ಕನ ಬದುಕು ಬೇರೆ ಬಸ್ಸು ಹತ್ತುತ್ತದೆ.

ಮಾವನ ಷರತ್ತು ಒಂದೇ: ನಾವು ಯಾರೆಂದು ಹುಡುಗನಿಗೆ ತಿಳಿಯಬಾರದು. ಸಾರ್ವಜನಿಕರ ಹಾಗೆ ಹೋಗಿ, ಸಾರ್ವಜನಿಕರ ಹಾಗೆ ಬರುವುದು.

ಮಣಿಪಾಲದ ಗುಡ್ಡದ ಮೇಲೆ, ಬಯಲಿನ ನಡುವೆ ಹಗ್ಗ ಕಟ್ಟಿ ವಿಮಾನವನ್ನು ನಿಲ್ಲಿಸಿದ್ದರು. ಪಕ್ಕದ ಹಲಗೆಯಲ್ಲಿ "ವಿಮಾನ" ಎಂದಷ್ಟೇ ಬರೆದಿತ್ತು. ಆಚೆ ಬದಿಯಲ್ಲಿ ಪ್ರದರ್ಶನಕ್ಕೆ ತಂದ ಎತ್ತುಗಳೂ ಇದ್ದವು, ಅವುಗಳಿಗೆ ಮಾತ್ರ ತಳಿ, ವಯಸ್ಸು, ತಿನ್ನುವ ಹಿಂಡಿ ಎಲ್ಲ ಬರೆದಿತ್ತು. ಹಗ್ಗದ ಸುತ್ತ ನಿಂತವರು ಆ ಕೊರತೆಯನ್ನು ತಾವೇ ತುಂಬಿಸುತ್ತಿದ್ದರು. ಗೋವಾ ಬಿಡುಗಡೆಯ ಗಲಾಟೆಯಲ್ಲಿ ಸಿಕ್ಕಿದ್ದು ಎಂದರು ಒಬ್ಬರು. ಗದ್ದೆಗೆ ಮದ್ದು ಬಿಡುವಂಥದ್ದು ಎಂದರು ಇನ್ನೊಬ್ಬರು. ಸಿನಿಮಾದವರದ್ದು, ಒಳಗೆ ಟೊಳ್ಳು ಎಂದರು ಮತ್ತೊಬ್ಬರು.

ನಾನು ನನ್ನ ಕ್ರಮದ ಪ್ರಕಾರ ಮೂತಿಯಿಂದ ಶುರುಮಾಡಿದೆ. ಮರದ ಪಂಖ, ಅದರ ಹಿಂದೆ ಯಾವುದೋ ಹಳೆಯ ಕಾರಿನ ಎಂಜಿನ್. ಬಟ್ಟೆ ಬಿಗಿದು ಬಣ್ಣ ಬಳಿದ ಒಂದೇ ರೆಕ್ಕೆ, ಕೆಳಗೆ ಜೋಡಿಸಿದ್ದು. ನಡುವೆ ಚಪ್ಪಟೆಯಾಗಿ ಸಾಗಿ, ತುದಿ ಸಮೀಪಿಸುವಾಗ ಬಾಳೆಲೆಯ ಕೊನೆಯನ್ನು ಯಾರೋ ಬೆರಳಿನಿಂದ ಎತ್ತಿದ ಹಾಗೆ ಮೇಲಕ್ಕೆ ಬಾಗಿತ್ತು. ಆ ರೆಕ್ಕೆಯನ್ನು ನಾನು ಬಲ್ಲೆ. ಫ್ರಾನ್ಸಿನಲ್ಲಿ ಮನೆಯಲ್ಲಿಯೇ ವಿಮಾನ ಕಟ್ಟುವವರಿಗೆಂದು ನಕ್ಷೆ ಮಾರುತ್ತಾರೆ. ಅಂಥ ಒಂದು ವಿಮಾನದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಅದರ ಹೆಸರನ್ನು ನಾನು ಒಂದು ರೀತಿ, ವಾಚನಾಲಯದವರು ಇನ್ನೊಂದು ರೀತಿ ಹೇಳಿ ಜಗಳವಾಗಿತ್ತು. ಬಾಲವೂ ಅದೇ, ಚಕ್ರಗಳೂ ಅವೇ. ಅಂದರೆ ಪುಸ್ತಕದ್ದೇ. ಅಕ್ಕ ಗೆದ್ದಳು ಎಂದುಕೊಂಡೆ.

ಆಮೇಲೆ ಒಳಗೆ ಇಣುಕಿದೆ. ಆ ಫ್ರೆಂಚ್ ವಿಮಾನಕ್ಕೆ ಇರುವುದು ಒಂದೇ ಸೀಟು. ಇದಕ್ಕೆ ಒಂದರ ಪಕ್ಕ ಒಂದರಂತೆ ಎರಡು ಇದ್ದವು. ಹೊಟ್ಟೆಯನ್ನು ಅಷ್ಟಕ್ಕೆ ಬೇಕಾದ ಹಾಗೆ ಅಗಲಿಸಿದ್ದರು. ಎರಡೆರಡು ಸಲ ಸುತ್ತು ಬಂದೆ. ರೆಕ್ಕೆ ಒಂದು ಹೆಸರು ಹೇಳುತ್ತದೆ, ಹೊಟ್ಟೆ ಅಲ್ಲ ಎನ್ನುತ್ತದೆ. ಹಗ್ಗದ ಒಳಗೆ ಎಣ್ಣೆಬಟ್ಟೆ ಹಿಡಿದು ನಿಂತಿದ್ದ ಸಪೂರ ಮನುಷ್ಯನೇ ಸದಾನಂದ ಎಂದು ಗೊತ್ತಿದ್ದರೂ, ಬಲ್ಲವನೆನಿಸಿಕೊಂಡ ನನಗೆ ಕೇಳಲು ನಾಚಿಕೆ.

ಅಕ್ಕನಿಗೆ ಅಂಥ ತೊಂದರೆ ಇರಲಿಲ್ಲ. "ಎರಡು ಸೀಟು ಯಾಕೆ?" ಎಂದು ನೇರವಾಗಿ ಅವರನ್ನೇ ಕೇಳಿದಳು.

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ನಕ್ಷೆಯಲ್ಲಿ ಒಂದೇ ಇದ್ದದ್ದು. ಒಬ್ಬನೇ ಮೇಲೆ ಹೋದರೆ, ಅಗೋ ಅಲ್ಲಿ ನೋಡು ಅಂತ ಹೇಳುವುದು ಯಾರಿಗೆ? ಹಾಗೆ ಇನ್ನೊಂದು ಹಾಕಿದೆ."

"ಹಾರುತ್ತದಾ?" ಎಂದರು ಮಾವ.

"ಇಲ್ಲ. ರೆಕ್ಕೆ ಒಬ್ಬನ ಲೆಕ್ಕದ್ದಲ್ವಾ. ನಮ್ಮ ಊರಿನ ಪದವಿನ ಬೋಳು ಬಯಲಿನಲ್ಲಿ ಓಡುತ್ತದೆ, ಸ್ವಲ್ಪ ಜಿಗಿಯುತ್ತದೆ, ಮತ್ತೆ ಕೂರುತ್ತದೆ."

"ಒಂದು ಸೀಟು ತೆಗೆದರೆ?"

"ಹಾರಬಹುದು."

"ಮತ್ತೆ ತೆಗೆಯಲಿಕ್ಕೆ ಎಂತ ಕಷ್ಟ?"

"ತೆಗೆಯುವುದಿಲ್ಲ," ಎಂದರು ಸದಾನಂದರು, ಬಹಳ ವಿನಯದಿಂದ.

ಇಲ್ಲಿಗೆ ನಾವು ಸಾರ್ವಜನಿಕರಾಗಿಯೇ ಹಿಂದಿರುಗಬಹುದಿತ್ತು. ಆದರೆ ಮಾವ ತಡೆಯಲಾರದೆ, "ನಿಮ್ಮದು ಎಲ್ಲಾಯಿತು?" ಎಂದುಬಿಟ್ಟರು. ಅವರು ಕಾರ್ಕಳ ಎಂದರು, ಮನೆಯ ಹೆಸರು ಹೇಳಿದರು, ನಂತರ ಮರ್ಯಾದೆಗೆ, "ನಿಮ್ಮದು?" ಎಂದು ಕೇಳಿದರು. ಆ ಪ್ರಶ್ನೆಗೆ ಸುಳ್ಳು ಹೇಳುವ ಶಕ್ತಿ ನಮ್ಮ ಕಡೆಯ ಯಾವ ಹಿರಿಯರಿಗೂ ಇಲ್ಲ. ಮಾವ ಕಾಪು ಎಂದರು, ಮನೆ ಹೇಳಿದರು, ತಂಗಿಯನ್ನು ಉದ್ಯಾವರಕ್ಕೆ ಕೊಟ್ಟದ್ದು ಹೇಳಿದರು, ತಂಗಿಗೆ ಒಬ್ಬ ಮಗಳಿರುವುದನ್ನೂ ಹೇಳಿ, ಆಮೇಲೆ ಬಾಯಿ ಮುಚ್ಚಿದರು. ಸದಾನಂದರು ಮಾವನನ್ನು ನೋಡಿದರು, ಅಕ್ಕನನ್ನು ನೋಡಿದರು, ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಜೇಬಿಗೆ ತುರುಕಿಕೊಂಡರು. ಬಿಳಿ ಅಂಗಿಯ ಜೇಬು. ಅಕ್ಕ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು.

ಬಸ್ಸು ಗುಡ್ಡ ಇಳಿಯುವಾಗ ಮಾವ ಕೇಳಿದರು, "ಎಂತ ಅಳಿಯ, ಪುಸ್ತಕದ್ದಾ, ತಲೆಯದ್ದಾ?"

"ರೆಕ್ಕೆ, ಬಾಲ ಪುಸ್ತಕದ್ದು ಮಾವ. ಎರಡನೆಯ ಸೀಟು ತಲೆಯದ್ದು."

"ತಲೆಯದ್ದಲ್ಲ," ಎಂದಳು ಮುಂದಿನ ಸೀಟಿನಲ್ಲಿದ್ದ ಅಕ್ಕ, ತಿರುಗಿ ನೋಡದೆ.

ಮಾವ ಟಿಕೆಟನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಏನೇ ಇರಲಿ, ಹಾರುವುದಿಲ್ಲ ಅಂತ ಅವನೇ ಹೇಳಿದ ಅಲ್ವಾ? ನನಗೆ ಹೆದರಿಕೆ ಇದ್ದದ್ದು ಎಲ್ಲಿಯಾದರೂ ಹಾರಿದರೆ ಅಂತ. ಹುಡುಗಿ ಕೊಟ್ಟು ದಿನಾ ಆಕಾಶ ನೋಡಿ ಕೂರಲಿಕ್ಕೆ ಆಗುತ್ತದಾ? ಇದು ಅಡ್ಡಿಯಿಲ್ಲ."

ಹೀಗೆ ಆ ಎರಡನೆಯ ಸೀಟೇ ಮಾವನಿಗೆ ಒಂದು ಕಾರಣಕ್ಕೂ ಅಕ್ಕನಿಗೆ ಇನ್ನೊಂದು ಕಾರಣಕ್ಕೂ ಒಪ್ಪಿಗೆಯಾಯಿತು. ಆ ರಾತ್ರಿ ಡೈರಿಯಲ್ಲಿ ವಿಮಾನದ ಜಾತಿ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟೆ. ಪುಸ್ತಕಕ್ಕೆ ಹೊಂದುವ ಭಾಗ ನೋಡಿದರೆ ವಿಮಾನ ಯಾವುದೆಂದು ತಿಳಿಯುತ್ತದೆ. ಕಟ್ಟಿದವನು ಯಾರೆಂದು ತಿಳಿಯುವುದು ಹೊಂದದ ಭಾಗದಲ್ಲಿ. ನನ್ನ ಪತ್ರಿಕೆಗಳು ಇದನ್ನು ಹೇಳಿಕೊಟ್ಟಿರಲಿಲ್ಲ.

ಈಗ ಸದಾನಂದರು ನನ್ನ ಭಾವ. ಕಾರ್ಕಳಕ್ಕೆ ಹೋದಾಗಲೆಲ್ಲ ಕೊಟ್ಟಿಗೆಗೆ ಹೋಗಿ ವಿಮಾನ ನೋಡುತ್ತೇನೆ. ರಜೆಯ ಸಂಜೆಗಳಲ್ಲಿ ಅವರಿಬ್ಬರೂ ಪದವಿನ ಈ ತುದಿಯಿಂದ ಆ ತುದಿಯವರೆಗೆ ಅದರಲ್ಲಿ ಓಡಿ, ಜಿಗಿದು, ಕೂತು, ಬೆನ್ನು ನೋಯಿಸಿಕೊಂಡು ಮನೆಗೆ ಬರುತ್ತಿದ್ದರು. ಈಗ ಅದನ್ನು ನಿಲ್ಲಿಸಿದ್ದಾರೆ. ಅಕ್ಕನಿಗೆ ಐದು ತಿಂಗಳು.

ಕಳೆದ ಭಾನುವಾರ ಹೋದಾಗ ಭಾವ ಟೇಪು ಹಿಡಿದು ವಿಮಾನದ ಒಳಗೆ, ಸೀಟುಗಳ ಹಿಂದೆ ಬಗ್ಗಿದ್ದರು. "ಇಲ್ಲಿ ಸ್ವಲ್ಪ ಜಾಗ ಉಂಟು ಅಲ್ವಾ," ಎಂದರು. "ಒಂದು ಸಣ್ಣದು ಹಾಕಬಹುದು."

"ಭಾರ?" ಎಂದೆ.

"ಮಗುವಿನದ್ದು ಎಂತ ಭಾರ ಮಾರಾಯ."

"ಮಗು ಸಣ್ಣದೇ ಇರುತ್ತದಾ?" ಎಂದಳು ಅಕ್ಕ ಜಗಲಿಯಿಂದ.

ಭಾವ ಕೆಲಸ ನಿಲ್ಲಿಸಿ ಯೋಚಿಸಿದರು. ಬಳಿಕ ಮೊದಲಿಗಿಂತ ಸ್ವಲ್ಪ ಅಗಲಕ್ಕೆ ಟೇಪು ಎಳೆದರು. ನಾನು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.