ಎಸ್ ಅಂದ್ರೆ ಸಾರಥಿ

ಮೊನ್ನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅವಳ ಹೆಸರು ಬರೆಸಲು ನಿಂತಿದ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ತಲೆ ಎತ್ತದೆಯೇ, "ಅಜ್ಜಿ, ನಿಮ್ ಯಜಮಾನ್ರ ಹೆಸರೇನ್ರಿ?" ಅಂದಳು. ಅಷ್ಟೇ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಗಬೇಡಿ. ವರ್ಷಗಟ್ಟಲೆ ನರ್ಸಾಗಿ ಕೈ ನಡುಗದೆ ಸೂಜಿ ಚುಚ್ಚಿದವಳು ನಾನು. ಆದರೆ ತಂದೆಯ ಹೆಸರು, ಗಂಡನ ಹೆಸರು ಎನ್ನುವ ಕಾಲಂ ಕಂಡರೆ ಇವತ್ತಿಗೂ ಜೀವ ಬಾಯಿಗೆ ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಹರಿಹರದಲ್ಲಿದ್ದೆವು. ಅಪ್ಪ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಟರ್ನರ್. ನಾನು ದಾವಣಗೆರೆಯ ಒಂದು ನರ್ಸಿಂಗ್ ಹೋಮಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೆಲಸ ಕಾಯಂ ಇಲ್ಲ, ಇವತ್ತು ಇದೆ, ನಾಳೆ ಗೊತ್ತಿಲ್ಲ. ಆಗ ಇಬ್ಬರು ನರ್ಸುಗಳು ಸೇರಿದರೆ ವೀಸಾದ್ದೇ ಮಾತು. ಅಮೆರಿಕಕ್ಕೆ ಅವರದೇ ನರ್ಸಿಂಗ್ ಪರೀಕ್ಷೆ ಪಾಸಾಗಬೇಕಂತೆ, ಇಂಗ್ಲೆಂಡಿಗೆ ಇಂಗ್ಲಿಷ್ ಪರೀಕ್ಷೆಯಂತೆ, ಗಲ್ಫಿಗಾದರೆ ಎರಡು ವರ್ಷದ ಅನುಭವ, ಒಂದು ಇಂಟರ್‌ವ್ಯೂ ಸಾಕಂತೆ. ನನ್ನ ಇಂಗ್ಲಿಷ್ "ಟೇಕ್ ಡೀಪ್ ಬ್ರೆತ್" ದಾಟಿ ಮುಂದೆ ಹೋಗಿರಲಿಲ್ಲ. ಹಾಗಾಗಿ ಗಲ್ಫೇ ಗತಿ. ಹೇಗೋ ಇಂಟರ್‌ವ್ಯೂ ಪಾಸಾದೆ, ಪಾಸ್‌ಪೋರ್ಟ್ ಒಂದು ಬರಬೇಕಿತ್ತು.

ಎಡವಟ್ಟಾಗಿದ್ದು ಒಂದೇ ಒಂದು ಅಕ್ಷರದಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ 'ಎಸ್' ಅಂತ ಇತ್ತು. ನಮ್ಮ ಕಡೆ ಊರಿನ ಹೆಸರನ್ನೂ ಇನಿಷಿಯಲ್ ಮಾಡುತ್ತಾರಲ್ಲ, ನಮ್ಮೂರು ಸಾರಥಿ, ಆ ಎಸ್ ಅಂದರೆ ಸಾರಥಿ. ಅಪ್ಪನ ಹೆಸರು ಸಿದ್ದಪ್ಪ. ದಾವಣಗೆರೆಯ ಏಜೆಂಟ್ ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ "ಎಸ್ ಅಂದ್ರೆ ಏನಮ್ಮ?" ಎಂದು ಕೇಳಿದ. "ಸಾರಥಿ" ಅಂದೆ. ಪುಣ್ಯಾತ್ಮ ಅದನ್ನೇ ತಂದೆಯ ಹೆಸರಿನ ಕಾಲಂನಲ್ಲೂ ಬರೆದು ಕಳಿಸಿಬಿಟ್ಟ. ನಾನೋ, ಓದದೆ ಸಹಿ ಹಾಕಿದ ಜಾಣೆ. ಆಮೇಲೆ ಅರ್ಜಿಯ ನಕಲು ನೋಡಿ ಎದ್ದೆನೋ ಬಿದ್ದೆನೋ ಎಂದು ಅವನ ಬಳಿ ಓಡಿದೆ.

"ತಿದ್ದಿಸ್ಬೇಕಂದ್ರೆ ಮತ್ತೆ ಮೂರ್ನಾಲ್ಕು ತಿಂಗ್ಳು ಹಿಡೀತೈತೆ. ಅಷ್ಟರಾಗೆ ನಿಮ್ ವೀಸಾ ಬ್ಯಾರೆಯೋರಿಗೆ ಹೋಗ್ತೈತೆ," ಅಂದ. "ಪೊಲೀಸ್ರು ಮನಿಗೆ ಬಂದು ಕೇಳಿದ್ರೆ ಅಪ್ಪಾರ ಹೆಸ್ರು ಸಾರಥಿ ಅಂದ್ಬಿಡ್ರಿ. ಸಿದ್ದಪ್ಪ ಅಂದ್ರೋ, ಸುಳ್ಳು ಅರ್ಜಿ ಅಂತ ಕೇಸು."

ಕೇಸು! ಆ ಒಂದು ಮಾತಿಗೆ ನನ್ನ ಊಟ ನಿದ್ದೆ ಎರಡೂ ಹೋದವು. ಖಾಕಿ ಬಟ್ಟೆ ಕಂಡರೆ, ಅದು ಪೋಸ್ಟ್‌ಮ್ಯಾನ್ ಆದರೂ, ಬಚ್ಚಲಿಗೆ ಓಡುತ್ತಿದ್ದೆ. ಅಪ್ಪ ಮಾತ್ರ ನಕ್ಕ. "ಊರಿನ ಹೆಸ್ರು ಇಟ್ಕೊಂಡ್ರೆ ನಂದೇನ್ ಸವೆದು ಹೋಗ್ತೈತಾ? ಅಳಬ್ಯಾಡ ಬಿಡು, ಇನ್ಮ್ಯಾಲೆ ನಾನು ಸಾರಥಿ."

ಆದರೆ ಪೇದೆ ಬಂದದ್ದು ಅಪ್ಪ ಮೊದಲ ಪಾಳಿಗೆ ಹೋಗಿದ್ದಾಗ. ಗೋಡೆಯ ಮೊಳೆಗೆ ರೇಷನ್ ಕಾರ್ಡು ನೇತಾಡುತ್ತಿತ್ತು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಸಿದ್ದಪ್ಪ'. ನಾನು ಅದಕ್ಕೆ ಬೆನ್ನು ಕೊಟ್ಟು ಗೋಡೆಗೆ ಅಂಟಿಕೊಂಡೆ.

"ಯಜಮಾನ್ರ ಹೆಸ್ರೇನಮ್ಮ?" ಪೇದೆ ಅವ್ವನನ್ನು ಕೇಳಿದ.

ಅವ್ವ ಸೆರಗು ಹೊದ್ದು ನೆಲ ನೋಡಿದಳು. ಗಂಡನ ಹೆಸರು ಹೇಳುವುದು ಅವಳಿಂದಾಗದ ಕೆಲಸ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಕೊನೆ. ತರಕಾರಿ ಮಾರುವ ಇನ್ನೊಬ್ಬ ಸಿದ್ದಪ್ಪನನ್ನೂ "ಇವರ ಹೆಸರಿನೋನು" ಅಂತಲೇ ಕರೆಯುತ್ತಿದ್ದಳು. ಆ ರೂಢಿ ಪೇದೆಗೂ ಗೊತ್ತಿತ್ತು. ಕಾಗದ ನೋಡಿಕೊಂಡು ತಾನೇ ಕೇಳಿದ: "ಸಾರಥಿಯೋರು, ಹೌದಲ್ರಿ?"

"ಹೌದ್ರಿ, ಸಾರಥಿಯೋರೇ," ಅಂದಳು ಅವ್ವ ನಿರಾಳವಾಗಿ. ಅವಳು ಹೇಳಿದ್ದು ಊರನ್ನು, ಅವನು ಬರೆದುಕೊಂಡಿದ್ದು ಹೆಸರನ್ನು. ಚಹಾ ಕುಡಿದು ಹೋದ.

ಗಲ್ಫಿನ ವಾರ್ಡಿನಲ್ಲಿ ನಾನು "ಸಿಸ್ಟರ್ ಸಾರಥಿ" ಆದೆ. ಊರೇ ಜೊತೆಗೆ ಬಂದಿದೆ ಎಂದು ಮೊದಮೊದಲು ಹಿಗ್ಗಿದ್ದೂ ಉಂಟು. ಆದರೆ ಪಾಸ್‌ಪೋರ್ಟ್ ಆಸ್ಪತ್ರೆಯ ಆಫೀಸಿನ ಬೀರುವಿನಲ್ಲಿತ್ತು. ಅಲ್ಲಿಂದ ಕರೆ ಬಂದಾಗಲೆಲ್ಲ ಸಿಕ್ಕಿಬಿದ್ದೆ ಎಂದುಕೊಂಡೇ ಹೋಗುತ್ತಿದ್ದೆ. ವರ್ಷ ತುಂಬುವ ಮುಂಚೆ ಒಂದು ಬೆಳಿಗ್ಗೆ ಕರೆದರು. ಮೇಜಿನ ಮೇಲೆ ಟೆಲಿಗ್ರಾಂ ಇತ್ತು. ಸಿದ್ದಪ್ಪ ತೀರಿಕೊಂಡರು, ಕೂಡಲೇ ಬಾ.

ಆಫೀಸಿನವನು ನನ್ನ ಫೈಲು ತೆರೆದ. ತಂದೆಯ ಹೆಸರು, ಸಾರಥಿ. "ಈ ಸಿದ್ದಪ್ಪ ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ತಂದೆ ತಾಯಿ ಹೋದರೆ ಮಾತ್ರ ಊರಿಗೆ ರಜೆ. ನಿಜ ಹೇಳಿದರೆ ಪಾಸ್‌ಪೋರ್ಟೇ ಸುಳ್ಳು, ಕೇಸು, ಭಾಷೆ ಗೊತ್ತಿಲ್ಲದ ದೇಶದ ಜೈಲು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಅಂಕಲ್."

ಸತ್ತ ಅಪ್ಪನನ್ನು ಅಂಕಲ್ ಮಾಡಿಬಿಟ್ಟೆ. ಅವನು ಫೈಲು ಮುಚ್ಚಿದ.

ಸಂಜೆ ನಮ್ಮ ಓಣಿಯ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡಿ ಅವ್ವನನ್ನು ಕರೆಸಿದೆ. ಹೆಸರು ಹೊಂದಲಿಲ್ಲ, ರಜೆ ಕೊಡಲಿಲ್ಲ ಅಂದೆ. 'ಅಂಕಲ್' ಅಂದ ಮಾತನ್ನು ಮಾತ್ರ ನುಂಗಿಕೊಂಡೆ. ಇವತ್ತಿಗೂ ಅವಳಿಗೆ ಹೇಳಿಲ್ಲ, ನಿಮಗೇ ಮೊದಲು. ಅವ್ವ ಕೂಗಿದಳು: "ಫೋನು ಅವ್ರ ಕೈಗೆ ಕೊಡು, ನಾನ್ ಹೇಳ್ತೀನಿ. ಸಿದ್ದಪ್ಪ! ನನ್ ಗಂಡನ ಹೆಸ್ರು ಸಿದ್ದಪ್ಪ! ಕೇಳ್ತೈತೇನು ಅವ್ರಿಗೆ?"

ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಕೇಳ್ತೈತವ್ವ," ಅಂದೆ.

ಕ್ಲಿನಿಕ್ಕಿನ ಹುಡುಗಿ ಮತ್ತೆ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೌಂಟರಿನ ಮೇಲೆ ಕೈಯೂರಿ, "ಸಿದ್ದಪ್ಪ. ಊರು ಸಾರಥಿ. ಎರಡೂ ಬ್ಯಾರೆ ಬ್ಯಾರೆ ಬರ್ಕೊಳ್ಳವ್ವ," ಅಂದಳು.

ಹುಡುಗಿ ಬರೆದುಕೊಂಡು ನನ್ನ ಕಡೆ ತಿರುಗಿದಳು. "ನೀವೇನಾಗ್ಬೇಕ್ರಿ ಇವ್ರಿಗೆ?"

ಅವಳಿಗೆ 'ಮಗಳು' ಎಂಬ ಒಂದು ಮಾತು ಸಾಕಿತ್ತು.

"ಸಿದ್ದಪ್ಪನ ಮಗಳ್ರಿ," ಅಂದೆ, ಬೂತಿನಲ್ಲಿ ಅವ್ವ ಕೂಗಿದಷ್ಟೇ ಗಟ್ಟಿಯಾಗಿ.