ಹೊಸತೊಡಕಿನ ದಿನ ಮನೆಯಲ್ಲೇ ಕೂತದ್ದು

ಯುಗಾದಿಯ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿನ ಹೊಂಗೆ ಮರದ ಕೆಳಗೆ, ಮುತ್ತುಗದ ಎಲೆಗಳ ಮೇಲೆ, ಮಾಂಸದ ಗುಡ್ಡೆಗಳು ಸಾಲಾಗಿ ಕೂತಿದ್ದವು. ಊರಿನವರು ಸೇರಿ ಕುರಿ ಕೊಯ್ದು ಪಾಲು ಹಾಕುತ್ತಿದ್ದರು. ಇದಕ್ಕೆ ಇಲ್ಲಿ ಗುಡ್ಡೆ ಬಾಡು ಎನ್ನುತ್ತಾರಂತೆ. ಮೊಟ್ಟೆಯ ಹೆಸರನ್ನೂ ಎತ್ತದ ಮನೆಯಲ್ಲಿ ಹುಟ್ಟಿದವಳು ನಾನು. ಮೂಗಿಗೆ ಸೆರಗು ಹಿಡಿದು ಒಳಗೆ ಬಂದೆ.

ಇದು ಎಂಬತ್ತರ ದಶಕದ ಮಾತು. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಗದುಗಿನಿಂದ ಬಂದ ನಾವು ತುಮಕೂರು ರಸ್ತೆಯ ಮಾಕಳಿಯಲ್ಲಿ, ಗಂಗಮ್ಮನವರ ವಠಾರದಲ್ಲಿ ಒಂದು ಕೋಣೆ ಹಿಡಿದು ಎಂಟು ತಿಂಗಳಾಗಿತ್ತು. ನಮ್ಮ ಮನೆಯವರು ಲೇತ್ ಯಂತ್ರ ನಡೆಸುವ ಟರ್ನರ್. ನಾನು ಬೇರೊಂದು ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದೆ. ಅವರದು ರಾತ್ರಿ ಪಾಳಿ, ನನ್ನದು ಹಗಲು. ಕರೆಂಟು ಸಾಲದೆಂದು ವಾರದ ರಜೆಯೂ ಒಂದೊಂದು ಕಾರ್ಖಾನೆಗೆ ಒಂದೊಂದು ದಿನ. ಬಸ್ ಸ್ಟಾಪಿನಲ್ಲಿ ಬೀಗದ ಕೈ ಕೊಟ್ಟು ತಗೊಳ್ಳುವುದೇ ನಮ್ಮ ಸಂಸಾರವಾಗಿತ್ತು. ಊರಲ್ಲಿ ಹದಿನಾಲ್ಕು ಜನರ ನಡುವೆಯೂ ಗಂಡನ ಜೊತೆ ಎರಡು ಮಾತಿಗೆ ಹೊತ್ತು ಸಿಗುತ್ತಿತ್ತು. ಇಲ್ಲಿ ಇಬ್ಬರೇ ಇದ್ದೂ ಸಿಗುತ್ತಿರಲಿಲ್ಲ.

ಯುಗಾದಿಯ ದಿನ ಅವರು ಪಾಳಿ ಮುಗಿಸಿ ಬಂದು ಸಂಜೆಯವರೆಗೆ ನಿದ್ದೆ ಹೊಡೆದಿದ್ದರು. ಇಲ್ಲಿಯವರು ಚಿಟಿಕೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡರೆ ಆಯಿತು. ನಮ್ಮ ಕಡೆ ಬೇವನ್ನು ಪಾನಕದ ಹಾಗೆ ಕುಡಿಯುತ್ತೇವೆ. ಒಂದು ತಂಬಿಗೆ ಮಾಡಿಟ್ಟು ಒಬ್ಬಳೇ ಕುಡಿದು ಅತ್ತಿದ್ದೆ. ಮರುದಿನ ನನ್ನ ಕಾರ್ಖಾನೆಗೆ ರಜೆ. ಇವರಿಗೆ ಮಾತ್ರ, ಸ್ಥಳೀಯರು ಯಾರೂ ಬರುವುದಿಲ್ಲವೆಂದು, ಸೂಪರ್‌ವೈಸರ್ ಹಗಲಿಗೇ ಬರಹೇಳಿದ್ದರು. ಅವರು ಶರ್ಟಿನ ಗುಂಡಿ ಹಾಕುತ್ತಿದ್ದಾಗ ಗಂಗಮ್ಮ ಬಂದರು.

"ಯಾಕವ್ವ ಕಣ್ಣು ಕೆಂಪಗೈತೆ? ಇವತ್ತು ಒಸತೊಡಕು. ಇವತ್ತೇನ್ ಮಾಡ್ತೀರೋ ವರ್ಸೆಲ್ಲ ಅದೇ ಆಗೋದು. ಅತ್ತುಗಿತ್ತೀಯ, ಜೋಕೆ."

ನಮ್ಮ ಕಡೆ ಹಬ್ಬದ ಮರುದಿನ ಕರಿ. ಒಳ್ಳೆಯ ಕೆಲಸ ಹಿಡಿಯುವುದಿಲ್ಲ. ಇಲ್ಲಿ ಅದೇ ದಿನ ವರ್ಷಕ್ಕೆಲ್ಲ ಅಚ್ಚು. ಕೇಳಿದ್ದೇ ತಡ, ನನಗೆ ಏನು ಬೇಕೆಂದು ಹೊಳೆದುಬಿಟ್ಟಿತು.

"ಇವರು ಕೆಲಸಕ್ಕ ಹೊಂಟಾರ ನೋಡ್ರಿ" ಎಂದೆ.

ಗಂಗಮ್ಮ ಅವರತ್ತ ತಿರುಗಿದರು. "ಓಗು, ಓಗಪ್ಪ. ವರ್ಸೆಲ್ಲ ಇಂಗೇ ಓಗ್ತಿರು. ಎಂಡ್ರು ಮಕ ಮರ್ತೇ ಓಗ್ಲಿ."

"ಒಂದ ದಿನ ಮನ್ಯಾಗ ಇರ್ರಿ. ಮತ್ತೇನೂ ಬ್ಯಾಡ ನನಗ" ಎಂದೆ ನಾನು.

ಅವರು ನನ್ನ ಮುಖ ನೋಡಿದರು. ಆಮೇಲೆ ಶರ್ಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಲೇತಿನ ಮುಂದೆ ನಿಂತು ರೂಢಿಯಾದ ಮನುಷ್ಯ ಸುಮ್ಮನೆ ಕೂರಬೇಕಲ್ಲ. ಹತ್ತು ಗಂಟೆಗೆ ಸ್ಪ್ಯಾನರ್ ಹಿಡಿದು ಸೈಕಲ್ಲಿನ ಕಡೆ ಹೊರಟರು.

"ಬ್ಯಾಡ್ರಿ, ವರ್ಷಾ ತುಂಬ ರಿಪೇರಿನ ಮಾಡ್ಬೇಕಾದೀತು" ಎಂದೆ.

ನಾನು ಕೊಡ ಎತ್ತಿದಾಗ ಅವರು ಬಿಡಲಿಲ್ಲ. "ನೀನೂ ಕುಂದ್ರು. ವರ್ಷಾ ಪೂರ್ತಿ ನೀರು ಹೊರಾಕಿ ಏನು?"

ನೀರನ್ನು ಹೇಗಿದ್ದರೂ ಹೊರಲೇಬೇಕಿತ್ತು, ಆದರೂ ಕೂತೆ. ಹಿಂದಿನ ದಿನದ ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ತಿಂದೆವು. ವಠಾರದ ತುಂಬ ಬಾಡಿನ ಸಾರಿನ ವಾಸನೆ. ಬೆಳಿಗ್ಗೆ ಮೂಗಿಗೆ ಸೆರಗು ಹಿಡಿದಿದ್ದವಳು ಮಧ್ಯಾಹ್ನಕ್ಕೆ ಹಿಡಿಯುವುದನ್ನೇ ಮರೆತೆ. ಯಾರೂ ಬರಲಿಲ್ಲ, ಏನೂ ನಡೆಯಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅಷ್ಟು ಸಡಗರದ ದಿನವನ್ನು ನಾನು ಕಂಡಿರಲಿಲ್ಲ.

ಸಂಜೆ ಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಏನ್ ಮಾಡುದ್ರಿ ಇಬ್ರೂವೆ?"

"ಏನಿಲ್ಲರಿ, ಮಾತಾಡ್ಕೋತ ಕೂತಿದ್ವಿ."

"ಅಷ್ಟೇ ಬೇಕಾಗಿದ್ದು. ಏನ್ ಮಾತು?"

ನಾನು ಗಂಡನ ಮುಖ ನೋಡಿದೆ. ಅವ್ವನ ಮಂಡಿನೋವು, ಹಿತ್ತಲ ಬಾವಿ, ಸ್ಟೇಷನ್ನಿನ ಎದುರಿನ ಮಿರ್ಚಿ... ಬೆಳಗಿನಿಂದ ಆಡಿದ್ದೆಲ್ಲ ಗದುಗಿನ ಮಾತೇ. ಮಾಕಳಿಯದು ಒಂದೂ ಇರಲಿಲ್ಲ.

"ನಮ್ಮೂರಿನ ಮಾತ ರೀ" ಎಂದೆ.

"ಅಂಗಾರೆ ವರ್ಸೆಲ್ಲ ಅದೇಯ ಕಣವ್ವ" ಎಂದರು ಗಂಗಮ್ಮ.