ಕೈ ಹಾಕಿ ನೋಡದ ಅಂಡಿಗೆ

ನಮ್ಮ ಹತ್ತಿ ಸಂಘದ ಗೋಡೆಯ ಮೇಲಿದ್ದ ಆ ಒಂದು ವಾಕ್ಯ ನನ್ನದೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಅದು ನನ್ನದಲ್ಲ. ಇದೊಂದನ್ನು ಒಪ್ಪಿಕೊಂಡರೆ ಉಳಿದದ್ದನ್ನು ಹೆಮ್ಮೆಯಿಂದಲೇ ಹೇಳಬಹುದು, ಏಕೆಂದರೆ ಯಾವ ಸಂಘದ ಗೋಡೆಯ ಮೇಲೂ ಅಷ್ಟು ಒಳ್ಳೆಯ ವಾಕ್ಯವನ್ನು ನಾನು ಮತ್ತೆ ಓದಲಿಲ್ಲ.

ರಾಜ್ಯ ವಿಂಗಡಣೆಯಲ್ಲಿ ಬಳ್ಳಾರಿ ಮೈಸೂರಿಗೆ ಹೋಗಿ, ಆದೋನಿ, ಆಲೂರು ಆಂಧ್ರದಲ್ಲಿ ಉಳಿದ ಹೊಸತು. ಆಲೂರಿನ ಹತ್ತಿರದ ನಮ್ಮ ಹಳ್ಳಿಯ ರೈತರು ಸೇರಿ ಹತ್ತಿ ಮಾರುವ ಸಂಘ ಕಟ್ಟಿದರು. ಊರಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ರೈತನಲ್ಲದ, ಪೂಜೆಯ ಮನೆತನದವನಾದರೂ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಸಂಘದ ಗುರಿ ಏನೆಂದು ಗೋಡೆಯ ಮೇಲೆ ಬರೆಯಬೇಕೆಂದಾಯಿತು. ನಾನು ಎರಡು ದಿನ ಕೂತು ಒಂದು ವಾಕ್ಯ ಕಟ್ಟಿದೆ: ‘ಪರಸ್ಪರ ಸಹಕಾರದ ಮೂಲಕ ಕೃಷಿಕ ಬಾಂಧವರ ಸರ್ವತೋಮುಖ ಅಭ್ಯುದಯವನ್ನು ಸಾಧಿಸುವುದು.’ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಒಬ್ಬ ಮುದುಕ ಎರಡೂ ಕೈ ಮುಗಿದ, ಮಂತ್ರವೆಂದುಕೊಂಡಿದ್ದನಂತೆ.

ಬಾಗಿಲ ಬಳಿ ಹತ್ತಿ ಬಿಡಿಸುವ ಹೆಂಗಸರು ಕೂತಿದ್ದರು. ಅವರಲ್ಲಿ ಒಬ್ಬಾಕೆ ಗಂಡ ಸತ್ತ ಮೇಲೆ ಎರೆಹೊಲವನ್ನು ತಾನೇ ನೋಡಿಕೊಳ್ಳುತ್ತಿದ್ದವಳು. ಓದು ಬರುತ್ತಿರಲಿಲ್ಲ. ಆಕೆ ಕೇಳಿದಳು:

“ಆಚಾರ್ರೇ, ಅದು ಆತು ಅಂತ ನಮಗ ಹೆಂಗ ಗೊತ್ತಾಗತೈತಿ?”

ಹಾಗಾದರೆ ನಿನಗೇನು ಬೇಕು ಹೇಳು ಎಂದೆ, ಸಿಟ್ಟಿನಿಂದಲೇ.

“ಆದೋನ್ಯಾಗ ನಮ್ಮ ಅಂಡಿಗಿಗೆ ಯಾರೂ ಕೈ ಹಾಕಿ ನೋಡಬಾರದು. ಅಷ್ಟ.”

ಅಂಡಿಗೆಯೆಂದರೆ ಹತ್ತಿ ತುರುಕಿದ ಆಳುದ್ದದ ಚೀಲ. ಆದೋನಿಯ ಮಾರುಕಟ್ಟೆಯಲ್ಲಿ ದಲಾಲಿ ಅಂಗಿಯ ತೋಳು ಮಡಚಿ, ಹೊಲಿಗೆ ಬಿಚ್ಚಿ, ಭುಜದವರೆಗೆ ಕೈ ತೂರಿಸಿ ನಡುವಿನ ಹತ್ತಿಯನ್ನು ಎಳೆದು ನೋಡುತ್ತಿದ್ದ. ತೂಕ ಬರಲೆಂದು ನೀರು ಚಿಮುಕಿಸುವುದು, ಹಳದಿ ಹತ್ತಿಯನ್ನು ನಡುವೆ ಅಡಗಿಸುವುದು ಎಲ್ಲ ಊರಲ್ಲೂ ಇತ್ತು, ನಮ್ಮಲ್ಲೂ ಇತ್ತು. ನಾಲ್ಕು ಜನರ ಎದುರು ಹಾಗೆ ಕೈ ಹಾಕಿಸಿಕೊಂಡ ಅವಮಾನ ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲು ನಕ್ಕರು. ಕೊನೆಗೆ ಅದನ್ನೇ ಬರೆಯಿರಿ ಎಂದರು. ನೀಲಿ ಬಣ್ಣದಲ್ಲಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ, ಬರೆದೆ.

ಆ ವರ್ಷ ಹತ್ತಿ ಬಿಡಿಸುವಾಗ ಯಾರೂ ಹೇಳದೆಯೇ ಹೆಂಗಸರು ಹಳದಿ ಹತ್ತಿಯನ್ನು ಬೇರೆ ಗುಡ್ಡೆ ಹಾಕಿದರು. ನೀರಿನ ತಂಬಿಗೆ ಹಿಡಿದ ಗಂಡಂದಿರಿಗೆ ಹೆಂಡಂದಿರು ಗೋಡೆಯ ಮಾತು ನೆನಪಿಸಿದರು. ಗಾಡಿಗೆ ಹೇರಿದ ದಿನವೇ ಅಕಾಲದ ಮಳೆ ಬಂದು ಅಂಡಿಗೆಗಳು ನೆನೆದವು. ದಾರಿಯ ಬಿಸಿಲಿಗೆ ಒಣಗುತ್ತವೆ, ಹೊಡೆಯಿರಿ ಎಂದವನು ನಾನೇ. ಎರೆಹೊಲದ ಆ ಹೆಂಗಸು ವಾದ ಮಾಡಲಿಲ್ಲ. ಗೋಡೆ ತೋರಿಸಿ, “ನೀವ ಓದ್ರಿ,” ಎಂದಳು. ಓದಿದೆ. ಗಾಡಿ ಇಳಿಸಿ, ಎಲ್ಲ ಅಂಡಿಗೆ ಬಿಚ್ಚಿ, ಮೂರು ದಿನ ಕಣದಲ್ಲಿ ಹರವಿ ಒಣಗಿಸಿದೆವು.

ಆದೋನಿಯಲ್ಲಿ ದಲಾಲಿ ಮೊದಲನೆಯದಕ್ಕೆ ಕೈ ಹಾಕಿದ, ಎರಡನೆಯದಕ್ಕೂ ಹಾಕಿದ. ಮೂರನೆಯದರ ಹೊಲಿಗೆ ಹಿಡಿದವನು ಒಮ್ಮೆ ನಮ್ಮ ಮುಖ ನೋಡಿ, ಮಡಚಿದ ತೋಳನ್ನು ಇಳಿಸಿಕೊಂಡ. “ಚಾಲು, ಸಾಕು, ತೂಕಕ್ಕ ಇಡ್ರಿ,” ಎಂದ. ನಮ್ಮ ಗಾಡಿಯವರು ಆ ಸಂಜೆ ನಡೆದ ನಡಿಗೆಯೇ ಬೇರೆ. ಇಂದಿಗೂ ನೆನೆದರೆ ನನ್ನ ಎದೆ ಉಬ್ಬುತ್ತದೆ.

ಮರುವರ್ಷ ಸಹಕಾರ ಇಲಾಖೆಯ ಅಧಿಕಾರಿಯೊಬ್ಬರು ಬಂದರು. ಗೋಡೆ ಓದಿ, ಇದನ್ನು ಯೋಚಿಸಿದ್ದು ಯಾರು ಎಂದು ಕೇಳಿದರು. ಆಕೆ ಬಾಗಿಲ ಬಳಿಯೇ ಇದ್ದಳು. ನಾನೇ ಎಂದೆ. ಹಾರ ನನ್ನ ಕೊರಳಿಗೆ ಬಿತ್ತು. ಪತ್ತಿಕೊಂಡ, ಮದ್ದಿಕೇರದ ಸಂಘಗಳಿಗೆ ತಿಳಿಹೇಳಲು ನನ್ನನ್ನೇ ಕರೆದರು. ಅಧಿಕಾರಿ ಹೋದ ಮೇಲೆ ಆಕೆ ಎದ್ದು ಬಂದಳು.

“ಅಂಡಿಗಿ ಚಿಂತಿ ತೀರಿತು. ಇನ್ನ ನಿಮ್ಮೊಳಗ ಕೈ ಹಾಕಿ ನೋಡಬೇಕ್ರಿ, ಆಚಾರ್ರೇ.”

ಹೆಂಗಸರೆಲ್ಲ ನಕ್ಕರು. ಆಕೆ ನಗಲಿಲ್ಲ.

ಆದರೂ ನಾನು ಪತ್ತಿಕೊಂಡಕ್ಕೆ ಹೋದೆ, ಮದ್ದಿಕೇರಕ್ಕೂ ಹೋದೆ. ಗುರಿ ಎಂಬುದು ಕಣ್ಣಿಗೆ ಕಾಣುವಂತಿರಬೇಕು, ಮುಟ್ಟಿದ ದಿನ ಎಲ್ಲರಿಗೂ ಗೊತ್ತಾಗಬೇಕು, ಓದು ಬಾರದವರ ಬಾಯಲ್ಲೂ ನಿಲ್ಲಬೇಕು ಎಂದು ಭಾಷಣ ಮಾಡಿದೆ. ಆಕೆಯ ಒಂದು ಪ್ರಶ್ನೆಯನ್ನೇ ಹಿಗ್ಗಿಸಿ ಹೇಳುತ್ತಿದ್ದೆ. ಆಕೆಯ ಹೆಸರು ಎಲ್ಲೂ ಎತ್ತಲಿಲ್ಲ.

ಆಕೆ ತೀರಿಕೊಂಡು ಬಹಳ ಕಾಲವಾಯಿತು. ಸಂಘ ಇನ್ನೂ ಇದೆ. ಬರುವ ಸಭೆಯಲ್ಲಿ ಈ ಬರಹವನ್ನು ನಾನೇ ಓದಬೇಕೆಂದಿದ್ದೇನೆ. ಆಕೆಯ ಮೊಮ್ಮಗಳು ಈಗ ಸದಸ್ಯೆ. ಬಾಗಿಲ ಬಳಿಯಲ್ಲ, ಮುಂದಿನ ಸಾಲಿನಲ್ಲಿ ಕೂರುತ್ತಾಳೆ.